ಯೋಗದ ಮಾತಿನಿಂದ ವ್ಯವಹಾರದ ಇಂಗ್ಲಿಷಿಗೆ

ನ್ಯಾಮತಿ ತಾಲ್ಲೂಕಿನ ಗೋವಿನಕೋವಿ ಹಾಗೂ ಸುತ್ತಲಿನ ಗ್ರಾಮಗಳ ಭತ್ತ, ಮೆಕ್ಕೆಜೋಳ ಮತ್ತು ಅಡಿಕೆಯ ವ್ಯಾಪಾರವು ಹೊನ್ನಾಳಿ, ಶಿವಮೊಗ್ಗ, ದಾವಣಗೆರೆಗಳ ಮಾರುಕಟ್ಟೆಗಳಲ್ಲಿ ಕನ್ನಡದಲ್ಲಿಯೇ ನಡೆದುಬಂದಿದೆ. ಆದರೆ ಇಂದು ಖರೀದಿದಾರರು ಮುಂಬಯಿಯಿಂದಲೂ ಚೆನ್ನೈನಿಂದಲೂ ನೇರವಾಗಿ ದೂರವಾಣಿ ಕರೆ ಮಾಡಬಲ್ಲರು. ಕಾಳನ್ನು ಹಲ್ಲಿಗಿಟ್ಟು ಕಚ್ಚಿದರೆ ಅದರ ತೇವವೆಷ್ಟೆಂದು ಹೇಳಬಲ್ಲ ವರ್ತಕರು, ಕರೆ ಇಂಗ್ಲಿಷಿನಲ್ಲಿ ಬಂದೊಡನೆ ಫೋನನ್ನು ಮಗನ ಕೈಗೆ ಕೊಟ್ಟುಬಿಡುವುದುಂಟು. ಮಗನಿಗೆ ಭಾಷೆ ಬರುತ್ತದೆ, ಸರಕಿನ ಪರಿಚಯವಿಲ್ಲ. ಸರಕನ್ನು ಅರಿತವರು ಮೌನವಾಗಿದ್ದು ಅರಿಯದವರು ಮಾತನಾಡಿದರೆ ಚೌಕಾಸಿಯಲ್ಲಿ ಸೋಲುವುದು ಸಹಜ.

ಈ ಕೊರತೆಯನ್ನು ನೀಗಿಸಲು ಹೊರಟವರು ಸಾಮಾನ್ಯವಾಗಿ ವ್ಯವಹಾರ ಪತ್ರಗಳ ಪುಸ್ತಕವನ್ನೋ ವ್ಯಾಕರಣ ಪುಸ್ತಕವನ್ನೋ ಕೊಳ್ಳುತ್ತಾರೆ. ನಾಲ್ಕು ದಿನ ಓದಿ ಮುಚ್ಚಿಡುತ್ತಾರೆ. ಅಪರಿಚಿತ ವಿಷಯವನ್ನು ಅಪರಿಚಿತ ಭಾಷೆಯಲ್ಲಿ ಕಲಿಯಹೊರಟಾಗ ಮನಸ್ಸಿನ ಮೇಲೆ ಎರಡು ಹೊರೆಗಳು ಬೀಳುತ್ತವೆ. ವಿಷಯವು ಮೊದಲೇ ತಿಳಿದದ್ದಾದರೆ ಹೊರೆ ಒಂದೇ. ಆದುದರಿಂದ ದಿನವೂ ಮಾಡುವ ಕೆಲಸ, ಮನಸ್ಸಿಗೆ ಒಪ್ಪಿದ ಹವ್ಯಾಸ, ಇವುಗಳ ಮಾತಿನಿಂದಲೇ ಇಂಗ್ಲಿಷನ್ನು ಆರಂಭಿಸುವುದು ಉತ್ತಮ. ಯೋಗಾಭ್ಯಾಸವು ಇದಕ್ಕೆ ಬಹಳ ಅನುಕೂಲವಾದ ವಿಷಯ.

ಒಂದು ನಿದರ್ಶನ

1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಅವರು ಅನುತ್ತೀರ್ಣರಾದ ವಿಷಯ ಇಂಗ್ಲಿಷ್. ಮೈಸೂರಿನಲ್ಲಿ ಅವರಿಗೆ ಯೋಗ ಕಲಿಸಿದ ಗುರು, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು, 1937ರಲ್ಲಿ ಅವರನ್ನು ಪುಣೆಗೆ ಕಳುಹಿಸಿದರು. ಹದಿನೆಂಟರ ಆ ತರುಣನಿಗೆ ಮರಾಠಿ ತಿಳಿಯದು, ಇಂಗ್ಲಿಷ್ ಅಲ್ಪಸ್ವಲ್ಪ. ಆದರೆ ಹೇಳಬೇಕಾದ ಮಾತು ಸ್ಪಷ್ಟವಾಗಿತ್ತು: ನೇರವಾಗಿ ನಿಲ್ಲಿ, ಕೈ ಚಾಚಿ, ಉಸಿರು ಬಿಡಿ. ಮಾತು ಸಾಲದಾದಲ್ಲಿ ಆಸನವನ್ನೇ ಮಾಡಿ ತೋರಿಸಬಹುದಿತ್ತು. 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರ ಪರಿಚಯವಾಯಿತು, 1954ರಿಂದ ಯುರೋಪಿನ ಪ್ರವಾಸಗಳು ನಡೆದವು. 1966ರಲ್ಲಿ ‘ಲೈಟ್ ಆನ್ ಯೋಗ’ ಎಂಬ ಅವರ ಇಂಗ್ಲಿಷ್ ಗ್ರಂಥ ಲಂಡನ್ನಿನಲ್ಲಿ ಪ್ರಕಟವಾಗಿ, ಮುಂದೆ ಅನೇಕ ಭಾಷೆಗಳಿಗೆ ಅನುವಾದಗೊಂಡಿತು. ಪರೀಕ್ಷೆಯಲ್ಲಿ ಕೈಕೊಟ್ಟ ಭಾಷೆಯು, ಬಲ್ಲ ವಿದ್ಯೆಯನ್ನು ಹೇಳಬೇಕಾಗಿ ಬಂದಾಗ ಕೈಗೆ ಬಂದಿತು. ವರ್ತಕರೂ ಉತ್ಪಾದಕರೂ ಬಲ್ಲ ವಿದ್ಯೆಯೊಂದನ್ನು ಉಳ್ಳವರೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಪಾಠ 1: ಕ್ರಿಯಾಪದ ಮೊದಲು

ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ: ‘ಕೈಗಳನ್ನು ನಿಧಾನವಾಗಿ ಎತ್ತಿ’. ಇಂಗ್ಲಿಷಿನಲ್ಲಿ ಅದೇ ಮೊದಲು: ‘ರೈಸ್ ಯುವರ್ ಆರ್ಮ್ಸ್ ಸ್ಲೋಲಿ’. ಬೆಳಗಿನ ಅಭ್ಯಾಸದ ವೇಳೆ ಆಸನ ಮಾಡುತ್ತಲೇ ಇಂತಹ ವಾಕ್ಯಗಳನ್ನು ಗಟ್ಟಿಯಾಗಿ ಹೇಳಬೇಕು. ‘ಸ್ಟ್ಯಾಂಡ್ ಸ್ಟ್ರೇಟ್’, ನೇರವಾಗಿ ನಿಲ್ಲಿ. ‘ಡೋಂಟ್ ಹೋಲ್ಡ್ ಯುವರ್ ಬ್ರೆತ್’, ಉಸಿರು ಕಟ್ಟಬೇಡಿ. ಈ ಜೋಡಣೆ ನಾಲಗೆಗೆ ಒಗ್ಗಿದ ಮೇಲೆ ಗೋದಾಮಿನ ಸೂಚನೆಗಳು ತಾವಾಗಿಯೇ ಬರುತ್ತವೆ. ‘ಕೀಪ್ ದ ಬ್ಯಾಗ್ಸ್ ಡ್ರೈ’, ಚೀಲಗಳು ನೆನೆಯದಂತೆ ಇಡಿ. ‘ಡೋಂಟ್ ಯೂಸ್ ಹುಕ್ಸ್’, ಕೊಕ್ಕೆ ಹಾಕಬೇಡಿ.

ಪಾಠ 2: ನಿತ್ಯದ ಮಾತು

ದಿನವೂ ನಡೆಯುವ ಕೆಲಸವನ್ನು ಹೇಳಲು ಸರಳ ವರ್ತಮಾನ ಕಾಲ ಸಾಕು: ‘ಐ ಪ್ರಾಕ್ಟೀಸ್ ಯೋಗ ಎವ್ರಿ ಮಾರ್ನಿಂಗ್’. ‘ಐ ಆಮ್ ಪ್ರಾಕ್ಟೀಸಿಂಗ್ ಯೋಗ ಡೈಲಿ’ ಎಂಬುದು ನಮ್ಮವರಲ್ಲಿ ಸಾಮಾನ್ಯವಾಗಿ ಕೇಳಿಬರುವ ತಪ್ಪು. ಆ ರೂಪವು ಈ ಕ್ಷಣದಲ್ಲಿ ಅಥವಾ ಈಚಿನ ಕೆಲವು ದಿನಗಳಲ್ಲಿ ನಡೆಯುತ್ತಿರುವುದಕ್ಕೆ ಸಲ್ಲುತ್ತದೆ.

ಇದೇ ವಾಕ್ಯರೂಪವು ಉತ್ಪಾದನಾ ಕ್ರಮವನ್ನು ವಿವರಿಸಲೂ ಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮಾಲೀಕರು ಹೀಗೆ ಹೇಳಬಹುದು: ‘ವೀ ಸೋಕ್ ದ ಪ್ಯಾಡಿ’, ಭತ್ತವನ್ನು ನೆನೆಸುತ್ತೇವೆ. ‘ವೀ ಡ್ರೈ ಇಟ್’, ಒಣಗಿಸುತ್ತೇವೆ. ‘ವೀ ಪಫ್ ದ ರೈಸ್ ಇನ್ ಹಾಟ್ ಸ್ಯಾಂಡ್’, ಅಕ್ಕಿಯನ್ನು ಬಿಸಿ ಮರಳಿನಲ್ಲಿ ಅರಳಿಸುತ್ತೇವೆ. ಸೂರ್ಯನಮಸ್ಕಾರದ ಹಂತಗಳನ್ನು ಕ್ರಮವಾಗಿ ಹೇಳಲು ಕಲಿತವರಿಗೆ ಇದು ಕಷ್ಟವಲ್ಲ.

ಪಾಠ 3: ಕೇಳುವುದನ್ನು ಕಲಿಯುವುದು

ಸಂಭಾಷಣೆ ಬೆಳೆಯಬೇಕಾದರೆ ಪ್ರಶ್ನೆ ಕೇಳಬೇಕು. ಆದರೆ ನಮ್ಮಲ್ಲಿ ಆತ್ಮೀಯವೆನಿಸುವ ಪ್ರಶ್ನೆಗಳೆಲ್ಲ ಪರಸ್ಥಳದ ಖರೀದಿದಾರರಿಗೆ ಹಿತವಾಗುವುದಿಲ್ಲ. ಸಂಬಳವೆಷ್ಟು, ಮದುವೆಯಾಗಿದೆಯೇ, ಮಕ್ಕಳೆಷ್ಟು ಎಂದು ಮೊದಲ ಪರಿಚಯದಲ್ಲಿ ಕೇಳಬಾರದು. ಹವ್ಯಾಸದ ಮಾತು ಯಾರಿಗೂ ನೋವುಂಟುಮಾಡದು. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಘೋಷಿಸಿದ ಮೇಲಂತೂ ಯೋಗದ ಪ್ರಸ್ತಾಪವು ಎಲ್ಲೆಡೆಯೂ ಪರಿಚಿತ. ಈ ಮಾದರಿಯನ್ನು ನೋಡಿ:

ಮಾರಾಟಗಾರ: ಡೂ ಯೂ ಪ್ರಾಕ್ಟೀಸ್ ಯೋಗ? (ತಾವು ಯೋಗ ಮಾಡುತ್ತೀರಾ?)
ಖರೀದಿದಾರ: ನೋ, ಐ ಗೋ ಫಾರ್ ಎ ವಾಕ್. (ಇಲ್ಲ, ನಡಿಗೆಗೆ ಹೋಗುತ್ತೇನೆ.)
ಮಾರಾಟಗಾರ: ವೇರ್ ಡೂ ಯೂ ವಾಕ್? (ಎಲ್ಲಿಗೆ ಹೋಗುತ್ತೀರಿ?)

ಇಲ್ಲಿ ಮಾರಾಟಗಾರರು ‘ನೋ’ ಎಂಬ ಉತ್ತರಕ್ಕೆ ಎದೆಗುಂದಲಿಲ್ಲ. ತಮ್ಮ ಯೋಗದ ಹಿರಿಮೆಯನ್ನೂ ಹೇಳಲಿಲ್ಲ. ಎದುರಿನವರು ಆಡಿದ ‘ವಾಕ್’ ಎಂಬ ಪದವನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳಿದರು. ‘ದಿಸ್ ಲಾಟ್ ಈಸ್ ಡ್ಯಾಂಪ್’, ಅಂದರೆ ಈ ಮಾಲು ತೇವವಾಗಿದೆ ಎಂಬ ದೂರು ಬಂದಾಗಲೂ ಇದೇ ಕ್ರಮ ಸಲ್ಲುತ್ತದೆ: ‘ಹೌ ಮೆನಿ ಬ್ಯಾಗ್ಸ್ ಆರ್ ಡ್ಯಾಂಪ್?’, ಎಷ್ಟು ಚೀಲಗಳು ತೇವವಾಗಿವೆ? ವಾದಕ್ಕಿಂತ ಇಂತಹ ಪ್ರಶ್ನೆಯು ನಷ್ಟವನ್ನು ತಗ್ಗಿಸಬಲ್ಲದು.

ಪಾಠ 4: ಅಂಕಿಗಳು

ಉಸಿರನ್ನು ಎಣಿಸುವಾಗ ಇಂಗ್ಲಿಷಿನಲ್ಲಿ ಎಣಿಸುವುದನ್ನು ರೂಢಿಸಿಕೊಳ್ಳಬೇಕು. ‘ಫಿಫ್ಟೀನ್’ ಎನ್ನುವಾಗ ಒತ್ತು ಕೊನೆಯ ಭಾಗದ ಮೇಲೆ, ‘ಫಿಫ್ಟಿ’ ಎನ್ನುವಾಗ ಮೊದಲ ಭಾಗದ ಮೇಲೆ ಇರುತ್ತದೆ. ಫೋನಿನಲ್ಲಿ ಇವೆರಡೂ ಒಂದೇ ರೀತಿ ಕೇಳಿಸಿದರೆ ಹದಿನೈದು ಟನ್ ಬೇಕಾದವರಿಗೆ ಐವತ್ತು ಟನ್ ಸಿದ್ಧಪಡಿಸಿದಂತಾಗುತ್ತದೆ. ಸಂಶಯ ಬಂದಲ್ಲಿ ‘ಒನ್ ಫೈವ್’, ‘ಫೈವ್ ಝೀರೋ’ ಎಂದು ಬಿಡಿಸಿ ಹೇಳಬೇಕು. ವಿದೇಶದವರೊಡನೆ ಲಕ್ಷದ ಲೆಕ್ಕವೂ ನಡೆಯದು. ಒಂದು ಲಕ್ಷವನ್ನು ‘ಒನ್ ಹಂಡ್ರೆಡ್ ಥೌಸಂಡ್’ ಎನ್ನಬೇಕು.

ಅಭ್ಯಾಸದ ವ್ಯವಸ್ಥೆ

ಇದಕ್ಕೆ ದೊಡ್ಡ ಖರ್ಚಿಲ್ಲ. ಅಂಗಡಿ ತೆರೆಯುವ ಮುನ್ನ ಇಬ್ಬರು ಇಪ್ಪತ್ತು ನಿಮಿಷ ಕುಳಿತರೆ ಸಾಕು. ಮೊದಲ ಹತ್ತು ನಿಮಿಷ ಯೋಗ, ಕ್ರಿಕೆಟ್, ತೋಟ, ಸಂಗೀತ ಹೀಗೆ ಮೆಚ್ಚಿನ ವಿಷಯ. ಉಳಿದ ಹತ್ತು ನಿಮಿಷ ಅವೇ ವಾಕ್ಯರೂಪಗಳಲ್ಲಿ ಸರಕಿನ ವಿಷಯ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು ಮನೆಯಲ್ಲಿದ್ದರೆ ಅವರನ್ನೇ ಜೊತೆಗಾರರನ್ನಾಗಿ ಮಾಡಿಕೊಳ್ಳಬಹುದು. ತಂದೆಯವರು ಕಾಳಿನ ಗುಣವನ್ನು ಕನ್ನಡದಲ್ಲಿ ತಿಳಿಸಲಿ, ಮಕ್ಕಳು ಅದಕ್ಕೆ ಇಂಗ್ಲಿಷ್ ಮಾತನ್ನು ಹುಡುಕಲಿ. ಇಬ್ಬರಿಗೂ ಒಂದೊಂದು ವಿದ್ಯೆ ದೊರೆಯುತ್ತದೆ. ಮಾತಿನ ನಡುವೆ ತಪ್ಪು ಬಂದಾಗ ತಡೆಯದೆ, ಮಾತು ಮುಗಿದ ಬಳಿಕ ತಿದ್ದುವುದು ಲೇಸು.

ಒಂದು ಎಚ್ಚರಿಕೆ ಅವಶ್ಯ. ಸಂಭಾಷಣೆಯಿಂದ ಪರಿಚಯ ಬೆಳೆಯುತ್ತದೆ, ಕರಾರು ಆಗುವುದಿಲ್ಲ. ದರ, ತೂಕ, ಗುಣಮಟ್ಟ, ಸಾಗಣೆಯ ದಿನಾಂಕ ಮತ್ತು ಹಣ ಪಾವತಿಯ ಅವಧಿ, ಈ ಐದನ್ನು ಮಾತು ಮುಗಿದ ದಿನವೇ ಬರಹದಲ್ಲಿ ಕಳುಹಿಸಬೇಕು. ಅದಕ್ಕೂ ಒಂದು ವಾಕ್ಯ ಕಲಿತಿರಬೇಕು: ‘ಪ್ಲೀಸ್ ಕನ್ಫರ್ಮ್ ದಿಸ್ ಇನ್ ರೈಟಿಂಗ್’, ದಯವಿಟ್ಟು ಇದನ್ನು ಲಿಖಿತವಾಗಿ ದೃಢಪಡಿಸಿ. ಈ ಉತ್ತರ ಕೈಸೇರುವವರೆಗೆ ಸರಕು ಗೋದಾಮಿನಲ್ಲಿಯೇ ಇರಲಿ.