ಪಾಠ 9: ಯಾರ ಮಾತ್ರೆ ಯಾರಿಗೆ?

ಮಂಜುಳಾ ಮನೆ ಬನಶಂಕರಿಯಲ್ಲಿದೆ. ಅವಳ ಮಗುವಿಗೆ ಮೂರು ತಿಂಗಳು. ಈಗಲೇ ಇನ್ನೊಂದು ಮಗು ಬೇಡ ಎಂದು ಗಂಡ ಹೆಂಡತಿ ಯೋಚಿಸಿದರು. ಪಕ್ಕದ ಮನೆಯಾಕೆ ತನ್ನ 'ಮಾಲಾ-ಎನ್' ಮಾತ್ರೆ ಕೊಟ್ಟಳು. ನುಂಗಬೇಕೋ ಬೇಡವೋ ಮಂಜುಳಾಗೆ ತಿಳಿಯಲಿಲ್ಲ. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಸರೋಜಕ್ಕ ಬಂದರು.

ಮಂಜುಳಾ: ಅಕ್ಕಾ, ಹಾಲು ಕುಡಿಸ್ತಾ ಇದ್ರೆ ಬಸಿರು ನಿಲ್ಲಲ್ಲ ಅಂತಾರೆ. ನಿಜಾನಾ?

ಸರೋಜಕ್ಕ: ಅರ್ಧ ನಿಜ ಕಣಮ್ಮ. ಮಗುಗೆ ಆರು ತಿಂಗಳು ತುಂಬಿರಬಾರದು. ನೀನು ಇನ್ನೂ ಮುಟ್ಟಾಗಿರಬಾರದು. ಹಗಲೂ ರಾತ್ರಿ ಎದೆಹಾಲು ಮಾತ್ರ ಕೊಡ್ತಿರಬೇಕು. ಈ ಮೂರೂ ಇದ್ರೆ ಬಸಿರಾಗೋದು ಅಪರೂಪ. ಒಂದು ತಪ್ಪಿದ್ರೂ ನಂಬೋ ಹಾಗಿಲ್ಲ. ಮುಟ್ಟು ಬರೋಕೆ ಮುಂಚೇನೇ ಬಸಿರು ನಿಲ್ಲಬಹುದು.

ಮಂಜುಳಾ: ನಾನು ಕೆಲಸಕ್ಕೆ ಹೋದಾಗ ಅತ್ತೆ ಹಸುವಿನ ಹಾಲು ಕುಡಿಸ್ತಾರೆ.

ಸರೋಜಕ್ಕ: ಅದು ಬೇಡ. ನಿನ್ನ ಹಾಲನ್ನೇ ಹಿಂಡಿ ಇಟ್ಟು ಹೋಗು. ಬಸಿರು ತಡೆಯೋಕೆ ಬೇರೆ ದಾರಿ ನೋಡೋಣ.

ಮಂಜುಳಾ: ಈ ಮಾತ್ರೆ ನುಂಗಲಾ?

ಸರೋಜಕ್ಕ: ಈಗ ಬೇಡ. ಇದರಲ್ಲಿ ಈಸ್ಟ್ರೋಜೆನ್ ಅನ್ನೋ ಹಾರ್ಮೋನು ಇದೆ. ಅದರಿಂದ ಎದೆಹಾಲು ಕಡಿಮೆ ಆಗಬಹುದು. ಹೆರಿಗೆಯಾದ ಹೊಸದರಲ್ಲಿ ನುಂಗಿದ್ರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯಾನೂ ಇದೆ. ಹಾಲುಣಿಸೋ ತಾಯಿ ಮೊದಲ ಆರು ತಿಂಗಳು ಇದನ್ನ ತಗೋಬಾರದು.

ಮಂಜುಳಾ: ಮತ್ತೆ ನನಗೆ ಯಾವುದು?

ಸರೋಜಕ್ಕ: 'ಛಾಯಾ' ಮಾತ್ರೆ ಇದೆ. ಅದರಲ್ಲಿ ಹಾರ್ಮೋನು ಇಲ್ಲ. ಹಾಲುಣಿಸೋರೂ ತಗೋಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ. ಆಮೇಲೆ ವಾರಕ್ಕೆ ಒಂದು. ವಂಕಿ, ಅಂತರಾ ಚುಚ್ಚುಮದ್ದು, ನಿರೋಧ್ ಕೂಡ ಇವೆ. ಸರ್ಕಾರಿ ಆಸ್ಪತ್ರೇಲಿ ಎಲ್ಲಾ ಪುಕ್ಕಟೆ. ನೀನು ಬಸಿರಿಲ್ಲ ಅಂತ ಮೊದಲು ನೋಡ್ತಾರೆ. ಆಮೇಲೆ ನಿನಗೆ ಹೊಂದೋದನ್ನ ಡಾಕ್ಟರು ಹೇಳ್ತಾರೆ.

ಮಂಜುಳಾ: ಇನ್ನೊಂದು ಮಾತು ಅಕ್ಕಾ. ನನ್ನ ನಾದಿನಿ ಬಸಿರು ಅಂತ ಗೊತ್ತಾಗದೆ ಮಾಲಾ-ಎನ್ ನುಂಗಿದಾಳೆ. ಮಗುಗೆ ಊನ ಆಗುತ್ತೆ, ತೆಗೆಸಿಬಿಡು ಅಂತ ಯಾರೋ ಹೆದರಿಸಿದಾರೆ. ಅಳ್ತಾ ಕೂತಿದಾಳೆ.

ಸರೋಜಕ್ಕ: ಅಳೋದು ಬೇಡ ಅನ್ನು. ಗೊತ್ತಿಲ್ಲದೆ ನುಂಗಿದ ಆ ಮಾತ್ರೆಯಿಂದ ಮಗುಗೆ ಊನ ಬರುತ್ತೆ ಅನ್ನೋಕೆ ಆಧಾರ ಇಲ್ಲ. ಆ ಭಯಕ್ಕೆ ಬಸಿರು ತೆಗೆಸಬೇಕಾಗಿಲ್ಲ. ಮಾತ್ರೆ ಇವತ್ತೇ ನಿಲ್ಲಿಸಲಿ. ಜಯನಗರದ ಜನರಲ್ ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ತಾಯಿ ಕಾರ್ಡ್ ಮಾಡಿಸೋಣ.

ಮಂಜುಳಾ ಮಾತ್ರೆಯನ್ನು ಪಕ್ಕದ ಮನೆಗೆ ಹಿಂದಿರುಗಿಸಿದಳು.

ನಿಮಗೆ ಗೊತ್ತೆ?
ಈ ವಿಷಯ ಕೇಳಲು ನಾಚಿಕೆ ಬೇಡ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶ ಮಾಡಿತ್ತು. ನಮ್ಮ ಅಜ್ಜಿಯರ ಕಾಲದಲ್ಲೇ ಈ ಮಾತು ಶುರುವಾಗಿದೆ.

ನೆನಪಿಡಿ
1. ಒಬ್ಬರ ಮಾತ್ರೆ ಇನ್ನೊಬ್ಬರಿಗಲ್ಲ.
2. ಮುಟ್ಟು ತಪ್ಪಿದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ.
3. ಹೊಸ ಮಾತ್ರೆ ಕೇಳುವಾಗ "ನಾನು ಹಾಲುಣಿಸುತ್ತಿದ್ದೇನೆ" ಎಂದು ಹೇಳಿ.

ಓದಿ, ಬರೆಯಿರಿ
ಬಸಿರು, ಹಾಲುಣಿಸು, ಹಾರ್ಮೋನು, ರಕ್ತನಾಳ

ಉತ್ತರ ಹೇಳಿ
1. ಮಂಜುಳಾ ಮಾಲಾ-ಎನ್ ಏಕೆ ನುಂಗಬಾರದು?
2. ನಾದಿನಿ ಈಗ ಏನು ಮಾಡಬೇಕು?
3. ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆ ಯಾರು? ಅವರ ಹೆಸರು ಬರೆಯಿರಿ.