ಉಬ್ಬರ ನೋಡಿ ಹುಟ್ಟು ಹಾಕಿ

ಬೀಜಾಡಿ, ಗೋಪಾಡಿ ಕಡೆಯ ಮನೆಗಳಿಗೆ ರಜೆಯಲ್ಲಿ ಬರುವ ಬೆಂಗಳೂರಿನ ನೆಂಟರು ಮೊದಲ ದಿನ ಕಡಲಿಗೆ ಇಳಿಯುತ್ತಾರೆ, ಮರುದಿನ ಆನೆಗುಡ್ಡೆಗೆ ಹೋಗಿ ಬರುತ್ತಾರೆ, ಆಮೇಲೆ ‘ಇನ್ನೇನಿದೆ ಇಲ್ಲಿ?’ ಎಂದು ಕೇಳುತ್ತಾರೆ. ಅಂಥವರನ್ನು ಕರೆದುಕೊಂಡು ಹೋಗಲು ಹತ್ತು–ಹನ್ನೆರಡು ಕಿಲೋಮೀಟರ್ ದಕ್ಷಿಣಕ್ಕೆ ಒಳ್ಳೆಯ ಜಾಗವೊಂದಿದೆ. ಸಾಲಿಗ್ರಾಮದಿಂದ ಪಶ್ಚಿಮಕ್ಕೆ, ಪಾರಂಪಳ್ಳಿಯ ಹಿನ್ನೀರು. ಕಾಂಡ್ಲಾ ಗಿಡಗಳ ನಡುವೆ ಸುತ್ತಿ ಬಳಸಿ ಹೋಗುವ ಈ ಸಣ್ಣ ಹೊಳೆಯಲ್ಲಿ ಕಯಾಕ್ ದೋಣಿಗಳು ಬಾಡಿಗೆಗೆ ಸಿಗುತ್ತವೆ. ಈಜು ಬಾರದವರೂ ಜಾಕೆಟ್ ತೊಟ್ಟು, ಗೈಡ್ ಜೊತೆಗೆ ಹೋಗಿ ಬರುತ್ತಾರೆ.

ಇದು ಸೀತಾ ನದಿಯ ನೀರು. ಆಗುಂಬೆ ಸೀಮೆಯ ನರಸಿಂಹ ಪರ್ವತದ ಕಡೆ ಹುಟ್ಟಿ, ಸೋಮೇಶ್ವರ ಅಭಯಾರಣ್ಯ, ಹೆಬ್ರಿ, ಬಾರ್ಕೂರು ದಾಟಿ ಬರುವ ಸೀತೆ ಹಂಗಾರಕಟ್ಟೆಯ ಹತ್ತಿರ ಸ್ವರ್ಣೆಯನ್ನು ಕೂಡಿಕೊಂಡು ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುತ್ತಾಳೆ. ಮಳೆಗಾಲದಲ್ಲಿ ಹೆಬ್ರಿ ಬಳಿ ರಬ್ಬರ್ ದೋಣಿಯವರನ್ನು ಎತ್ತಿ ಕುಕ್ಕುವ ರ‍್ಯಾಫ್ಟಿಂಗ್ ನಡೆಯುವುದೂ ಇದೇ ನದಿಯಲ್ಲಿ. ಕೆಳಗೆ ಬಂದಾಗ ಮಾತ್ರ ಅವಳ ಗುಣವೇ ಬೇರೆ. ಕಡಲಿಗೂ ಹೊಳೆಗೂ ನಡುವೆ ಮರಳಿನ ಬೆಂಗ್ರೆ ಅಡ್ಡ ಮಲಗಿರುವುದರಿಂದ ನೀರಿನ ಒಂದು ಕವಲು ದಂಡೆಯ ಹಿಂಬದಿಯಲ್ಲೇ ಉದ್ದಕ್ಕೆ ಚಾಚಿಕೊಂಡಿದೆ. ಹೊಳೆ, ಕಡಲುಗಳ ನಡುವಿನ ಈ ಮರಳು ನೆಲದ ಬದುಕನ್ನೇ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಬರೆದದ್ದು. ಅದನ್ನು ಓದಿ ಹೋದವರಿಗೆ ದೋಣಿಯಾನ ಇನ್ನಷ್ಟು ರುಚಿಸುತ್ತದೆ.

ದಿನ ಗೊತ್ತು ಮಾಡುವುದು

ಹೆಚ್ಚಿನವರು ಎಡವುವುದು ಇಲ್ಲೇ. ಭಾನುವಾರ ರಜೆ, ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಡೋಣ ಎನ್ನುತ್ತಾರೆ. ಆದರೆ ಅಳಿವೆಗೆ ಇಷ್ಟು ಹತ್ತಿರದ ಹೊಳೆಯಲ್ಲಿ ಹೊರಡುವ ಹೊತ್ತನ್ನು ಹೇಳಬೇಕಾದದ್ದು ಉಬ್ಬರ–ಇಳಿತ. ದಿನಕ್ಕೆ ಎರಡು ಸಲ ನೀರು ತುಂಬುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಭಾನುವಾರ ಬೆಳಿಗ್ಗೆ 9ಕ್ಕೆ ಹೊಳೆ ತುಂಬಿ ನಿಂತಿದ್ದರೆ, ಮುಂದಿನ ಭಾನುವಾರ ಅದೇ 9 ಗಂಟೆಗೆ ಕೆಸರು ಕಾಣುವಷ್ಟು ಇಳಿದಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಕಡಿಮೆ. ಮನೆಯಲ್ಲಿ ಪಂಚಾಂಗವಿದ್ದರೆ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರಕಟಿಸುವ ಉಬ್ಬರದ ಮಾಹಿತಿ ಇದೆ. ಇಲ್ಲವಾದರೆ ದೋಣಿಯವರಿಗೆ ಫೋನ್ ಮಾಡಿ ‘ನೀರು ಎಷ್ಟು ಹೊತ್ತಿಗೆ ತುಂಬುತ್ತದೆ?’ ಎಂದು ಕೇಳಿದರೆ ಸಾಕು.

ನೀರು ಪೂರ್ತಿ ತುಂಬುವುದಕ್ಕೆ ಒಂದೂವರೆ–ಎರಡು ಗಂಟೆ ಮೊದಲು ದೋಣಿ ಹತ್ತುವುದು ಒಳ್ಳೆಯದು. ಕಾಂಡ್ಲಾದ ಒಳದಾರಿಗಳಿಗೆ ನುಗ್ಗಲು ನೀರು ಸಾಕಷ್ಟಿರುತ್ತದೆ, ಹೊಯ್ಗೆ ದಿಬ್ಬಕ್ಕೆ ದೋಣಿ ಕಚ್ಚುವ ತಾಪತ್ರಯ ಇರುವುದಿಲ್ಲ.

ತಿಂಗಳುಗಳ ಮಟ್ಟಿಗೆ ನವೆಂಬರ್‌ನಿಂದ ಫೆಬ್ರುವರಿ ಚೆನ್ನ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಸುಡುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ. ಯಾವ ತಿಂಗಳಾದರೂ ಬೆಳಗಿನ ಹೊತ್ತೇ ಹಿತ, ಯಾಕೆಂದರೆ ಬಿಸಿಲೇರಿದ ಮೇಲೆ ಪಶ್ಚಿಮದಿಂದ ಕಡಲ ಗಾಳಿ ಬೀಸತೊಡಗುತ್ತದೆ, ಹಗುರ ದೋಣಿಯ ಮೂತಿ ತಿರುಗಿಸುತ್ತದೆ.

ಹೊರಡುವ ಮುನ್ನ

ಕೋಟೇಶ್ವರ ಅಥವಾ ಕುಂಭಾಶಿಯಲ್ಲಿ ಉಡುಪಿ ಬಸ್ಸು ಹತ್ತಿ ಸಾಲಿಗ್ರಾಮದಲ್ಲಿ ಇಳಿದರೆ ಅಲ್ಲಿಂದ ಆಟೋ. ಉಡಲು ಬೇಗ ಒಣಗುವ ಬಟ್ಟೆ, ತಲೆಗೆ ಟೊಪ್ಪಿ. ಜೀನ್ಸ್ ಒದ್ದೆಯಾದರೆ ಕಲ್ಲಿನ ಭಾರ. ಕಾಲಿಗೆ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿಯೇ ಬೇಕು. ಬೇರು, ಕಲ್ಲುಗಳಿಗೆ ಕಚ್ಚಿಕೊಂಡ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ, ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ. ಮೊಬೈಲನ್ನು ನೀರು ಹೋಗದ ಚೀಲಕ್ಕೆ ಹಾಕಿ ಕೊರಳಿಗೆ ಕಟ್ಟಿಕೊಳ್ಳಬೇಕು. ಬುತ್ತಿಗೆ ಕೊಟ್ಟೆ ಕಡುಬಿನಂಥದ್ದು ಬೇರೆ ಇಲ್ಲ. ಹಲಸಿನ ಎಲೆಯ ಕೊಟ್ಟೆಯಲ್ಲೇ ಬೆಂದಿರುತ್ತದೆ, ತಟ್ಟೆ ಬೇಡ, ಚೆಲ್ಲುವುದಿಲ್ಲ. ಕುಡಿಯುವ ನೀರು ಆಳಿಗೆ ಒಂದು ಲೀಟರಿಗೆ ಕಡಿಮೆ ಬೇಡ. ಸುತ್ತ ಇರುವುದೆಲ್ಲ ಉಪ್ಪುನೀರು.

ಲೈಫ್ ಜಾಕೆಟ್ ವಿಷಯದಲ್ಲಿ ಸಂಕೋಚ ಬೇಡ. ತೊಟ್ಟ ಮೇಲೆ ಯಾರಾದರೊಬ್ಬರು ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಲಿ. ಗಲ್ಲದವರೆಗೆ ಜಾರಿ ಬಂದರೆ ಅದು ದೊಡ್ಡದಾಯಿತು, ಬೇರೆಯದು ಕೇಳಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಇರಬೇಕು. ಇಲ್ಲ ಎಂದರೆ ಮಕ್ಕಳನ್ನು ದೋಣಿ ಹತ್ತಿಸಬಾರದು.

ನೀರಿಗಿಳಿದ ಮೇಲೆ

ಇಬ್ಬರು ಕೂರುವ ಕಯಾಕ್‌ನಲ್ಲಿ ಭಾರದವರು ಹಿಂದೆ, ಹಗುರದವರು ಮುಂದೆ. ಮುಂದಿನವರು ಲಯ ಹಿಡಿಯಬೇಕು, ಹಿಂದಿನವರು ಅದಕ್ಕೆ ಸರಿಯಾಗಿ ಹುಟ್ಟು ಹಾಕುತ್ತ ದಿಕ್ಕು ನೋಡಿಕೊಳ್ಳಬೇಕು. ಗಂಡ ಹೆಂಡತಿ ಹತ್ತಿದ ದೋಣಿಯಲ್ಲಿ ಜಗಳ ಹುಟ್ಟುವುದು ಈ ಒಪ್ಪಂದ ಮೊದಲೇ ಆಗದ ಕಾರಣಕ್ಕೆ. ಎಡಕ್ಕೆ ತಿರುಗಬೇಕೆಂದರೆ ಬಲಗಡೆ ಹುಟ್ಟು ಹಾಕಿ. ಚುರುಕಾಗಿ ತಿರುಗಬೇಕೆಂದರೆ ಎಡಗಡೆ ಹಿಮ್ಮುಖವಾಗಿ ನೀರು ತಳ್ಳಿ. ತೋಳಿನ ಬಲವನ್ನಷ್ಟೇ ನಂಬಿದರೆ ಅರ್ಧ ಗಂಟೆಯಲ್ಲಿ ಸುಸ್ತು, ಸೊಂಟದಿಂದ ಮೇಲೆ ಮೈಯನ್ನೇ ತಿರುಗಿಸಬೇಕು. ಆರಾಮವಾಗಿ ಹೋದರೆ ಗಂಟೆಗೆ ಮೂರು ಕಿಲೋಮೀಟರ್ ಸಾಗಬಹುದು. ಅದಕ್ಕಿಂತ ಅವಸರ ಯಾತಕ್ಕೆ?

ಕಾಂಡ್ಲಾದ ಒಳಗೆ ಹೊಕ್ಕಾಗ ಹುಟ್ಟು ನಿಲ್ಲಿಸಿ ಸುಮ್ಮನೆ ತೇಲಬೇಕು. ಕೊಂಬೆಗಳಿಂದ ನುಗ್ಗೆಕಾಯಿಯಂತೆ ಜೋತಾಡುವ ಹಸಿರು ಕೋಲುಗಳು ಕಾಯಿಗಳಲ್ಲ, ತಾಯಿಮರದಲ್ಲೇ ಮೊಳೆತ ಸಸಿಗಳು. ಇಳಿತದಲ್ಲಿ ಉದುರಿದರೆ ಚೂಪು ತುದಿ ಕೆಸರಿಗೆ ನಾಟಿ ಅಲ್ಲೇ ಬೇರು ಬಿಡುತ್ತದೆ, ಉಬ್ಬರದಲ್ಲಿ ಉದುರಿದರೆ ತೇಲಿಕೊಂಡು ಹೋಗಿ ಇನ್ನೆಲ್ಲೋ ದಡ ಹತ್ತುತ್ತದೆ. ಬೇರುಗಳ ಸಂದಿಯಲ್ಲಿ ಒಂದೇ ಕೊಂಬು ದೊಡ್ಡದಿರುವ ಪುಟ್ಟ ಏಡಿಗಳು, ಕೆಸರಿನ ಮೇಲೆ ನೆಗೆಯುವ ಮೀನುಗಳು, ಮೇಲೆ ಮಿಂಚುಳ್ಳಿ, ಗರುಡ. ಫೋಟೊಕ್ಕಾಗಿ ಕೊಂಬೆ ಹಿಡಿದು ಎಳೆಯುವವರು ನೆನಪಿಡಬೇಕು: 2019ರ ಸಿಆರ್‌ಜೆಡ್ ಅಧಿಸೂಚನೆ ಕಾಂಡ್ಲಾ ಕಾಡನ್ನು ಅತಿ ಹೆಚ್ಚು ರಕ್ಷಣೆಯ 1ಎ ವರ್ಗದಲ್ಲಿಟ್ಟಿದೆ.

ದೋಣಿ ಸಿಕ್ಕಿಕೊಂಡರೆ ಗಾಬರಿ ಬೇಡ. ಅಡಿಯಲ್ಲಿರುವುದು ಹೊಯ್ಗೆಯಾದರೆ ಇಳಿದು ತಳ್ಳಬಹುದು. ಕೆಸರಾದರೆ ಇಳಿಯಲೇಬಾರದು, ಕೂತಲ್ಲಿಂದಲೇ ಹುಟ್ಟು ಊರಿ ಹಿಂದಕ್ಕೆ ನೂಕಬೇಕು. ಹೊಯ್ಗೆ ತೆಗೆದ ಕಡೆ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳುದ್ದವಾಗುವುದುಂಟು, ಹಾಗಾಗಿ ಗೈಡ್ ತೋರಿಸಿದ ಜಾಗದಲ್ಲಷ್ಟೇ ಇಳಿಯಿರಿ. ಮಗುಚಿದರೂ ದೋಣಿ ಬಿಡಬೇಡಿ. ಮೇಲೆ ಕೂರುವ ಬಗೆಯ ಕಯಾಕ್ ಮುಳುಗುವುದಿಲ್ಲ, ಅದನ್ನು ಹಿಡಿದುಕೊಂಡರೆ ಜೊತೆಯ ದೋಣಿಯವರು ಬರುವ ತನಕ ತೇಲುತ್ತಿರಬಹುದು. ತುರ್ತಿಗೆ ಫೋನ್ 112. ಮೀನುಗಾರರು ಬಲೆ ಬಿಟ್ಟ ಕಡೆ ದೂರದಿಂದ ಬಳಸಿ ಹೋಗುವುದು ಮರ್ಯಾದೆ. ಅವರಿಗೆ ಅದು ಆ ದಿನದ ಅನ್ನ.

ದಾಟಬಾರದ ಗೆರೆ ಒಂದೇ, ಅಳಿವೆ. ಹೊಳೆ ಅಗಲವಾಗಿ ತೆರೆಯ ಸದ್ದು ಕೇಳತೊಡಗಿದಾಗ ಎಲ್ಲರಿಗೂ ‘ಇನ್ನೊಂದು ಸ್ವಲ್ಪ ಮುಂದೆ’ ಎನಿಸುತ್ತದೆ. ಇಳಿತ ಶುರುವಾದರೆ ಎರಡು ನದಿಗಳ ನೀರು ಒಂದೇ ಬಾಯಿಂದ ಹೊರಗೆ ನುಗ್ಗುತ್ತದೆ. ಅದರ ಎದುರು ಹುಟ್ಟು ಹಾಕಿ ವಾಪಸ್ ಬರುವುದು ಪಳಗಿದವರಿಗೂ ಕಷ್ಟ. ಕೋಡಿಬೆಂಗ್ರೆಯ ಸಂಗಮ ನೋಡಲೇಬೇಕೆಂದಿದ್ದರೆ ದೋಣಿಯಾನ ಮುಗಿಸಿ ಮಧ್ಯಾಹ್ನ ಹಂಗಾರಕಟ್ಟೆಗೆ ಹೋಗಿ ದಡದಿಂದ ನೋಡಬಹುದು. ಸಂಜೆಗೆ ಕೋಟದ ಕಾರಂತ ಥೀಮ್ ಪಾರ್ಕ್ ದಾರಿಯಲ್ಲೇ ಸಿಗುತ್ತದೆ.

ಕುಂದಾಪುರದಿಂದ ಆಚೆ ಸೌಪರ್ಣಿಕಾ ಕಡೆ ಒಲವಿರುವವರು ಯಕ್ಷಗಾನ ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಸುತ್ತಲಿನ ನೀರನ್ನು ನೋಡಬಹುದು. ಕುದ್ರುಗಳ ನಡುವಿನ ಆ ಹರವು ಚಂದವೇ. ಆದರೆ ಪಂಚಗಂಗಾವಳಿಯ ಹೊಳೆಗಳು ಅಲ್ಲಿ ಅಗಲವಾಗಿವೆ, ಗಾಳಿಗೆ ಮರೆಯಿಲ್ಲ, ಮೊದಲ ಸಲ ಹುಟ್ಟು ಹಿಡಿದವರ ಜಾಗ ಅದಲ್ಲ. ಸ್ಥಳೀಯ ದೋಣಿಯವರಿಲ್ಲದೆ ಅಲ್ಲಿಗೆ ಹೋಗಬಾರದು. ಮಕ್ಕಳು, ಹಿರಿಯರು ಜೊತೆಗಿದ್ದರೆ ಪಾರಂಪಳ್ಳಿಯೇ ಸರಿ.