ಎದೆಯುರಿ, ಅಡಿಗೆ ಸೋಡಾ ಮತ್ತು ಒಂದು ಸಣ್ಣ ಲೆಕ್ಕ

ಹೊತ್ತು ಮೀರಿ ಮನೆ ಸೇರಿ, ಉಂಡೊಡನೆ ಮಲಗಿ, ಎದೆಯುರಿ ತೊಡಗಿದಾಗ ಒಂದು ಟೀ ಚಮಚ ಅಡಿಗೆ ಸೋಡಾವನ್ನು ನೀರಿನಲ್ಲಿ ಕದಡಿ ಕುಡಿಯುವ ಅಭ್ಯಾಸ ಮಹಾನಗರವಾಸಿಗಳಾದ ನಮ್ಮಲ್ಲಿ ಹಲವರಿಗುಂಟು. ನನಗೂ ಇತ್ತು. ರಕ್ತದೊತ್ತಡವಿದ್ದೂ ಹೀಗೆ ಮಾಡುವೆನೆಂದು ತಿಳಿದು ವೈದ್ಯರು ಗದರಿಸಿದರು. ಅದರ ಕಾರಣ ನನಗೆ ಮನದಟ್ಟಾದದ್ದು ಮಗಳ ರಸಾಯನಶಾಸ್ತ್ರದ ಪುಸ್ತಕದಿಂದ. ವಾಣಿಜ್ಯ ಪದವೀಧರನಾದ ಬ್ಯಾಂಕ್ ಅಧಿಕಾರಿಗೆ ಅರ್ಥವಾದದ್ದು ಎಲ್ಲರಿಗೂ ಅರ್ಥವಾದೀತೆಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ದ್ರಾವಣದಲ್ಲಿ ಕರಗಿರುವ ವಸ್ತುವಿಗೆ ದ್ರಾವ್ಯವೆಂದು ಹೆಸರು. ಒಂದು ಲೀಟರ್ ದ್ರಾವಣದಲ್ಲಿ ದ್ರಾವ್ಯದ ಎಷ್ಟು ಗ್ರಾಂ ತುಲ್ಯಭಾರಗಳಿವೆಯೆಂಬುದೇ ಅದರ ನಾರ್ಮಾಲಿಟಿ. ಆಮ್ಲದ ಅಣುತೂಕವನ್ನು ಅದು ಬಿಟ್ಟುಕೊಡಬಲ್ಲ ಹೈಡ್ರೋಜನ್‌ಗಳ ಸಂಖ್ಯೆಯಿಂದ ಭಾಗಿಸಿದರೆ ತುಲ್ಯಭಾರ ದೊರೆಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅದು 36.5, ಎರಡು ಹೈಡ್ರೋಜನ್‌ಗಳುಳ್ಳ ಗಂಧಕಾಮ್ಲಕ್ಕೆ 98ರ ಅರ್ಧ, ಎಂದರೆ 49.

ಸೂತ್ರವು ಹೀಗಿದೆ:

ದ್ರಾವ್ಯದ ತೂಕ (ಗ್ರಾಂ) = ನಾರ್ಮಾಲಿಟಿ × ತುಲ್ಯಭಾರ × ಗಾತ್ರ (ಮಿ.ಲೀ.) ÷ 1000

ಇದು ಸರಳಬಡ್ಡಿಯ ಲೆಕ್ಕದಂತೆಯೇ. ಬಡ್ಡಿಯ ದರ ನೂರಕ್ಕೆ ಇಷ್ಟೆಂದು ಇರುವುದರಿಂದ ಅಲ್ಲಿ 100ರಿಂದ ಭಾಗಿಸುತ್ತೇವೆ. ನಾರ್ಮಾಲಿಟಿಯು ಸಾವಿರ ಮಿಲಿಲೀಟರಿಗೆ ಇಷ್ಟೆಂದು ಇರುವುದರಿಂದ ಇಲ್ಲಿ 1000ದಿಂದ.

ನಮ್ಮ ಜಠರರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು 0.1 ನಾರ್ಮಲ್ ಇದ್ದು, ಜಠರದಲ್ಲಿ 50 ಮಿ.ಲೀ. ರಸವಿದೆಯೆಂದು ಭಾವಿಸೋಣ.

0.1 × 36.5 × 50 ÷ 1000 = 0.1825 ಗ್ರಾಂ

ಅಷ್ಟೊಂದು ಉರಿಗೆ ಕಾರಣವಾದ ಆಮ್ಲ ಕಾಲು ಗ್ರಾಮಿಗಿಂತಲೂ ಕಡಿಮೆ! ಅದನ್ನು ತಟಸ್ಥಗೊಳಿಸಲು ಅಷ್ಟೇ ತುಲ್ಯಭಾರಗಳ ಸೋಡಾ ಸಾಕು. ಜಮಾ ಖರ್ಚು ಸರಿದೂಗಿದಂತೆ. ಅಡಿಗೆ ಸೋಡಾದ ತುಲ್ಯಭಾರ 84.

0.1 × 84 × 50 ÷ 1000 = 0.42 ಗ್ರಾಂ

ನಾವು ಕುಡಿಯುವುದಾದರೋ ಒಂದು ಚಮಚ, ಸುಮಾರು 5 ಗ್ರಾಂ; ಬೇಕಾದುದರ ಹನ್ನೆರಡರಷ್ಟು. ಸೋಡಾದ 84 ಭಾಗಗಳಲ್ಲಿ 23 ಭಾಗ ಸೋಡಿಯಂ. ಆದ್ದರಿಂದ ಆ ಚಮಚದೊಡನೆ ಸುಮಾರು 1.37 ಗ್ರಾಂ ಸೋಡಿಯಂ ದೇಹವನ್ನು ಸೇರುತ್ತದೆ. ವಯಸ್ಕರಿಗೆ ಇಡೀ ದಿನದ ಸೋಡಿಯಂ 2 ಗ್ರಾಮಿಗಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಊಟದ ಉಪ್ಪು, ಉಪ್ಪಿನಕಾಯಿ, ಹಪ್ಪಳಗಳ ಲೆಕ್ಕ ಇನ್ನೂ ಬೇರೆ. ರಕ್ತದೊತ್ತಡವುಳ್ಳವರಿಗೆ ಇದು ಸಾಲದ ಮೇಲೆ ಸಾಲ.

ಜಠರವು ಆಮ್ಲವನ್ನು ಮತ್ತೆ ಸ್ರವಿಸುತ್ತದೆ. ಸೋಡಾದ ಉಪಶಮನ ಕ್ಷಣಿಕ. ಬೇಗನೆ ಮಿತವಾಗಿ ಉಣ್ಣುವುದು, ಉಂಡ ಎರಡು ಮೂರು ಗಂಟೆಗಳ ನಂತರ ಮಲಗುವುದು ಮೇಲು. ಉರಿಯು ಪದೇ ಪದೇ ಮರುಕಳಿಸಿದರೆ ವೈದ್ಯರನ್ನು ಕಾಣಬೇಕು. ಎದೆನೋವಿನೊಡನೆ ಬೆವರು, ಉಸಿರಾಟದ ತೊಂದರೆ ಅಥವಾ ತೋಳಿನ ಸೆಳೆತ ಕಂಡರೆ ಅದು ಹೃದಯದ ಕರೆಯಿರಬಹುದು. ಆಗ ಸೋಡಾವನ್ನು ಹುಡುಕುತ್ತ ಕೂಡದೆ ಒಡನೆಯೇ ಆಸ್ಪತ್ರೆಯನ್ನು ಸೇರತಕ್ಕದ್ದು.